ನಾಲ್ಕು ರವಿವಾರ, ನಾಲ್ಕು ಮಂಗಳವಾರ

"ನಮ್ಮ ಕಡೆ ಇಂಥಾದ್ದು ಯಾಕಿಲ್ಲಲೇ?"

ಕೆಲಸದ ಮೇಲೆ ಹಂಗೇರಿಗೆ ಹೋಗಿರೋ ಗೆಳೆಯ ಒಂದಿಷ್ಟು ಫೋಟೋ ಕಳಿಸಿ ಕೆಳಗೆ ಇಷ್ಟೇ ಬರೆದಿದ್ದ. ಎರಡು ಸಾಲಿನ ಉತ್ತರ ಬರೆಯೋಣ ಅಂತ ಕೂತೆ, ಅದು ಉದ್ದ ಆಗ್ತಾನೇ ಹೋಯ್ತು. ಅವನೊಬ್ಬನಿಗೇ ಯಾಕೆ, ಇಲ್ಲಿ ಹಾಕಿದರೆ ನೀವೂ ನಾಲ್ಕು ಮಾತು ಸೇರಿಸಬಹುದು, ಬೇಕಿದ್ರೆ ಜಗಳಾನೂ ತೆಗೀಬಹುದು ಅಂತ ಇಲ್ಲೇ ಬರೀತಿದ್ದೀನಿ :-)

ಫೋಟೋದಲ್ಲಿ ಏನಿತ್ತು ಅಂತ ಮೊದಲು ಹೇಳ್ತೀನಿ. ಅದೊಂದು ಸಣ್ಣ ಊರು, ನಮ್ಮ ಖಾನಾಪುರಕ್ಕಿಂತ ಚಿಕ್ಕದು. ಡಿಸೆಂಬರ್ ತಿಂಗಳು, ಸಂಜೆ ನಾಲ್ಕಕ್ಕೇ ಕತ್ತಲು. ಊರ ನಡುವಿನ ಚೌಕದಲ್ಲಿ ಚಕ್ಕಡಿ ಗಾಲಿಯಷ್ಟು ದೊಡ್ಡದಾದ ಹಸಿರು ಎಲೆಯ ಚಕ್ರ, ಅದರ ಮೇಲೆ ನಾಲ್ಕು ದಪ್ಪ ಮೇಣದಬತ್ತಿ. ಎರಡು ಉರೀತಿವೆ, ಎರಡನ್ನು ಇನ್ನೂ ಹಚ್ಚಿಲ್ಲ. ಉಣ್ಣೆ ಟೋಪಿ ಹಾಕಿದ ಮಕ್ಕಳು ಸಾಲಾಗಿ ನಿಂತು ಹಾಡ್ತಿದ್ದಾರೆ. ಒಂದು ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಬಿಸಿ ಚಹಾ. ಇನ್ನೊಂದು ಮೇಜಿನಲ್ಲಿ ಮಕ್ಕಳು ಜೇನು ಮತ್ತು ಮಸಾಲೆ ಹಾಕಿ ಸುಟ್ಟ ಬಿಸ್ಕಿಟ್ಟಿನ ಮೇಲೆ ಸಕ್ಕರೆ ಪಾಕದಲ್ಲಿ ಚಿತ್ರ ಬಿಡಿಸ್ತಿದ್ದಾರೆ. ಅಷ್ಟೇ! ಸ್ಟೇಜಿಲ್ಲ, ಸನ್ಮಾನ ಇಲ್ಲ, ಎದೆ ನಡುಗಿಸೋ ಡಿಜೆ ಇಲ್ಲ.

ಇದು ಆಡ್ವೆಂಟ್. ನಮ್ಮ ಕನ್ನಡ ಕ್ರೈಸ್ತರು ಇದಕ್ಕೆ 'ಆಗಮನ ಕಾಲ' ಅಂತಾರೆ, ಎಷ್ಟು ಚೆಂದದ ಹೆಸರು ನೋಡಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ರವಿವಾರ ಲೆಕ್ಕ. ಮೊದಲ ರವಿವಾರ ಒಂದು ಬತ್ತಿ, ಎರಡನೇ ರವಿವಾರ ಎರಡು, ಹೀಗೆ. ನಾಲ್ಕೂ ಉರಿದವು ಅಂದ್ರೆ ಹಬ್ಬ ಬಾಗಿಲಿಗೆ ಬಂತು ಅಂತ. ಈ ಚಕ್ರದ ಕತೆ ನನಗೆ ಬಹಳ ಹಿಡಿಸ್ತು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್‌ರಿಖ್ ವಿಖೆರ್ನ್ ಅನ್ನೋ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಯಮನೆ ನಡೆಸ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಬೆಳಗಾದ್ರೆ ಪೀಡಿಸೋರಂತೆ. ಆತ ಒಂದು ಹಳೇ ಗಾಲಿ ತಂದು, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ರವಿವಾರಕ್ಕೆ ದೊಡ್ಡ ಬಿಳಿ ಬತ್ತಿ ನಿಲ್ಲಿಸಿ, ದಿನಕ್ಕೊಂದು ಹಚ್ಚಿ ತೋರಿಸಿದರು. ಅಂದ್ರೆ ಇವತ್ತು ಯುರೋಪಿನ ಚೌಕಗಳಲ್ಲಿ ಕಾಣೋ ಈ ಅಲಂಕಾರ ಹುಟ್ಟಿದ್ದು ತಡೀಲಾರದ ಮಕ್ಕಳಿಗೆ ದಿನ ಎಣಿಸಿ ಕೊಡೋಕೆ.

ಹಂಗೇರಿಯವರು ಇದಕ್ಕೆ ತಮ್ಮದೇ ಒಗ್ಗರಣೆ ಹಾಕಿದ್ದಾರೆ. ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ಒರೆಸಿ ಕಿಟಕಿಯಲ್ಲಿಡಬೇಕು, ಬೆಳಗಾಗುವಷ್ಟರಲ್ಲಿ 'ಮಿಕುಲಾಶ್' ತಾತ ಅದರಲ್ಲಿ ಚಾಕಲೇಟು ತುಂಬಿರ್ತಾನೆ. ಕಿಡಿಗೇಡಿಗಳಿಗೆ ಜೊತೆಗೊಂದು ಬರ್ಲು! ಡಿಸೆಂಬರ್ 13 'ಲುಟ್ಸಾ' ದಿನ. ಅವತ್ತು ಒಂದು ತಟ್ಟೆಯಲ್ಲಿ ಗೋಧಿ ನೆನೆಹಾಕಿದರೆ ಕ್ರಿಸ್‌ಮಸ್ ಹೊತ್ತಿಗೆ ಗೇಣುದ್ದ ಹಸಿರಾಗಿ ನಿಲ್ಲುತ್ತೆ. ಅದೇ ದಿನ ಒಂದು ಸಣ್ಣ ಮಣೆ ಮಾಡೋಕೂ ಶುರು ಮಾಡ್ತಿದ್ದರಂತೆ. ಹದಿಮೂರು ಜಾತಿ ಕಟ್ಟಿಗೆ ಬೇಕು, ದಿನಕ್ಕಿಷ್ಟೇ ಕೆಲಸ, ಮುಗಿಯೋದು ಹಬ್ಬದ ಹಿಂದಿನ ದಿನ. ನಿಧಾನದ ಕೆಲಸಕ್ಕೆ "ಲುಟ್ಸಾಳ ಮಣೆ ಆದಂಗ ಆಗ್ತೈತಿ" ಅನ್ನೋ ಅರ್ಥದ ಗಾದೆಯೇ ಅವರಲ್ಲಿದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕಿಟಕಿ ತೆರೆಯೋ ಪದ್ಧತಿ. ಅಲ್ಲಿನ ಅನೇಕ ಸಣ್ಣ ಊರುಗಳಲ್ಲಿ ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಮನೆಯ ಕಿಟಕಿ ಸಿಂಗರಿಸ್ತಾರೆ. ಒಂದಿನ ಶಾಲೆಯದು, ಒಂದಿನ ಗ್ರಂಥಾಲಯದ್ದು, ಒಂದಿನ ಯಾವುದೋ ಅಜ್ಜಿಯ ಮನೆಯದು. ಸಂಜೆ ಜನ ಆ ಮನೆ ಮುಂದೆ ಸೇರಿ, ಕಿಟಕಿ ತೆರೆದದ್ದು ನೋಡಿ, ಚಹಾ ಕುಡಿದು, ಹಾಡಿ, ಮನೆಗೆ ಹೋಗ್ತಾರೆ. ಖರ್ಚು ಎಷ್ಟಾಗಿದ್ದೀತು ನೀವೇ ಹೇಳಿ!

ಹಾಗಂತ ಹಂಗೇರಿಯನ್ನ ಹೊತ್ತು ಮೆರೆಸೋಕೆ ಇದನ್ನ ಬರೀತಿಲ್ಲ. ಬುಡಾಪೆಸ್ಟಿನ ದೊಡ್ಡ ಆಡ್ವೆಂಟ್ ಸಂತೆಗಳಲ್ಲಿ ತಿಂಡಿಯ ರೇಟು ಕೇಳಿ ಅಲ್ಲಿನ ಜನವೇ ಹೌಹಾರ್ತಾರೆ, ಪ್ರತಿ ವರ್ಷ ಪತ್ರಿಕೆಗಳಲ್ಲಿ ಅದೇ ಗೋಳು. ದುಡ್ಡು ಮಾಡೋದು ಎಲ್ಲಾ ಕಡೆ ಇದ್ದದ್ದೇ. ನನ್ನ ಮಾತು ಬೇರೆ. ಒಂದು ಹಬ್ಬ ಮಕ್ಕಳದ್ದಾಗೋಕೆ ಎರಡೇ ಎರಡು ಬೇಕು: ಎಣಿಸೋಕೆ ದಿನ, ಕೈಗೆ ಕೆಲಸ. ಇವೆರಡು ಇದ್ದರೆ ಉಳಿದದ್ದೆಲ್ಲ ತಾನಾಗೇ ಬರುತ್ತೆ. ಇವೆರಡು ಇಲ್ಲದಿದ್ದರೆ "ಕುಟುಂಬ ಸಮೇತರಾಗಿ ಬನ್ನಿ" ಅಂತ ಎಷ್ಟು ದೊಡ್ಡ ಬ್ಯಾನರ್ ಕಟ್ಟಿದರೂ ಮಕ್ಕಳು ಅಲ್ಲಿ ಬರೀ ಗಿರಾಕಿಗಳು.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ನಮ್ಮ ಕಡೆ ಇಂಥಾದ್ದು ಇಲ್ಲವಾ?

ಮೊದಲನೇ ಉತ್ತರ: ಹಂಗೇರಿ ತನಕ ಹೋಗೋದೇ ಬೇಡ, ಡಿಸೆಂಬರಿನಲ್ಲಿ ಬೆಳಗಾವಿಯ ಕ್ಯಾಂಪ್ ಕಡೆ ಒಂದು ಸುತ್ತು ಹಾಕಿದರೆ ಸಾಕು. ಬೆಳಗಾವಿ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಆದರೆ ಗೋವಾ ಗಡಿಯ ನಮ್ಮ ಖಾನಾಪುರ ತಾಲೂಕಿನಲ್ಲಿ ಕೊಂಕಣಿ ಮಾತಾಡೋ ಕ್ರೈಸ್ತ ಕುಟುಂಬಗಳು ಅದಕ್ಕೂ ಬಹಳ ಮುಂಚಿನಿಂದ ಇವೆ. ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಸುತ್ತಮುತ್ತ ಆಗಮನ ಕಾಲ ಶುರುವಾದ ಕೂಡಲೇ ಮನೆ ಮನೆ ಮುಂದೆ ನಕ್ಷತ್ರ ತೂಗುತ್ತೆ. ಆಮೇಲೆ ಗೋದಲಿ ಕಟ್ಟೋ ಕೆಲಸ. ಮಣ್ಣು, ಕಲ್ಲು, ಹುಲ್ಲು ಒಟ್ಟು ಮಾಡಿ ಬೆಟ್ಟ ಮಾಡಬೇಕು, ನಡುವೆ ಒಂದು ಕೊಟ್ಟಿಗೆ. ಬೆಟ್ಟದ ಕೆಳಗೆ ಹಸಿರು ಗದ್ದೆ ಬೇಕಲ್ಲ, ಅದಕ್ಕೆ ಹದಿನೈದು ದಿನ ಮುಂಚೆಯೇ ರಾಗಿಯನ್ನೋ ಗೋಧಿಯನ್ನೋ ತಟ್ಟೆಯಲ್ಲಿ ಬಿತ್ತಿಡೋದು. ಹಂಗೇರಿಯ ಲುಟ್ಸಾ ಗೋಧಿ ನೆನಪಾಯ್ತಾ? ಅಡುಗೆಮನೆಯಲ್ಲಿ ಕುಸ್ವಾರ್ ನಡೆದಿರುತ್ತೆ: ನೆವ್ರಿ, ದೊದೊಲ್, ಕುಲ್‌ಕುಲ್. ನೆವ್ರಿ ಅಂದ್ರೆ ಬೇರೆ ಏನೂ ಅಲ್ಲ, ನಮ್ಮ ಕರಚಿಕಾಯಿಯ ಅಕ್ಕ. ಕುಲ್‌ಕುಲ್ ಅಂದ್ರೆ ಹಿಟ್ಟಿನ ಸಣ್ಣ ಉಂಡೆಯನ್ನ ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಮಾಡಿ ಕರಿಯೋದು. ಒಂದೆರಡಲ್ಲ, ನೂರಾರು. ದೊಡ್ಡವರು ಒಬ್ಬರೇ ಕೂತು ಮಾಡೋ ಕೆಲಸ ಅಲ್ಲ ಅದು, ಓಣಿಯ ಮಕ್ಕಳೆಲ್ಲ ಬೇಕು.

ಡಿಸೆಂಬರ್ 31ಕ್ಕೆ ಕ್ಯಾಂಪಿನ 'ಓಲ್ಡ್ ಮ್ಯಾನ್' ಇದ್ದೇ ಇದ್ದಾನೆ. ಹಳೇ ಪ್ಯಾಂಟು ಶರ್ಟಿಗೆ ಹುಲ್ಲು, ಕಾಗದ ತುಂಬಿ, ಹೊಟ್ಟೆಯೊಳಗೆ ಪಟಾಕಿ ಇಟ್ಟು ಮಧ್ಯರಾತ್ರಿ ಸುಟ್ಟು ಹಳೇ ವರ್ಷವನ್ನ ಕಳಿಸೋದು. ಗೋವಾದಲ್ಲೂ ಇದೆ, ಕೊಚ್ಚಿಯಲ್ಲಿ ಇವನಿಗೆ 'ಪಪ್ಪಾಂಜಿ' ಅಂತಾರೆ. ಬೆಳಗಾವಿಯಲ್ಲಿ ಇವನಿಗೆ ಜಾತಿ ಧರ್ಮ ಉಳಿದಿಲ್ಲ. ಯಾವ ಗಲ್ಲಿಯ ಹುಡುಗರು ಬೇಕಾದರೂ ಸುಡ್ತಾರೆ. ನನಗೆ ಇಷ್ಟ ಆಗೋದು ಹುಡುಗರು ಅಪ್ಪನ ಹರಿದ ಅಂಗಿ ಕೇಳಿ ತಂದು ತಾವೇ ತುಂಬೋ ಸಣ್ಣ ಓಲ್ಡ್ ಮ್ಯಾನ್. ನಮ್ಮದು ಇಷ್ಟು ಅಡಿ, ನಿಮ್ಮದು ಎಷ್ಟು ಅಡಿ ಅಂತ ಪೈಪೋಟಿ ಮಾಡಿ, ದುಡ್ಡು ಕೊಟ್ಟು ತಂದು ನಿಲ್ಲಿಸೋ ದೈತ್ಯನ ಮುಂದೆ ಹುಡುಗರಿಗೆ ಮೊಬೈಲ್ ಎತ್ತಿ ಹಿಡಿಯೋದು ಬಿಟ್ಟು ಬೇರೆ ಕೆಲಸ ಇರಲ್ಲ.

ಇದು ಬರೀ ಊರ ಕ್ರೈಸ್ತರ ಮಾತು, ನಮಗೇನು ಅಂತ ಅಂದುಕೊಳ್ಳಬೇಡಿ. ಈ ಸೀಮೆಯಲ್ಲಿ ಗೆರೆ ಅಷ್ಟು ನೇರ ಇಲ್ಲ. ಪಕ್ಕದ ಬೈಲಹೊಂಗಲ ತಾಲೂಕಿನ ದೇಶನೂರಿಗೆ ಹೋದರೆ ಅಲ್ಲಿನ ಚರ್ಚಿನ ಹೆಸರು 'ವಿರಕ್ತ ಮಠ', ಅಲ್ಲಿನ ಜೆಸ್ವಿತ್ ಗುರುಗಳು ಕಾವಿ ಉಟ್ಟ 'ಸ್ವಾಮಿಗಳು'. ಬೆಳಗಾವಿಯ ಗಲ್ಲಿಗಳಲ್ಲಿ ದೀಪಾವಳಿಗೆ ಹುಡುಗರು ಮಣ್ಣಿನ ಕಿಲ್ಲಾ ಕಟ್ಟಿ, ಅದರ ಇಳಿಜಾರಿನಲ್ಲಿ ಸಾಸಿವೆ ಬಿತ್ತಿ ಹಸಿರು ಬರಿಸ್ತಾರಲ್ಲ, ಅದಕ್ಕೂ ಗೋದಲಿಗೂ ಏನು ವ್ಯತ್ಯಾಸ? ಒಂದರಲ್ಲಿ ಶಿವಾಜಿ ಮಹಾರಾಜರು, ಇನ್ನೊಂದರಲ್ಲಿ ಬಾಲಯೇಸು. ಮಣ್ಣು ಒಂದೇ, ಮೊಣಕೈ ತನಕ ಮೆತ್ತಿಕೊಂಡ ಕೆಸರು ಒಂದೇ. ಮಹಾನವಮಿಯಲ್ಲಿ ಘಟದ ಮುಂದೆ ಬಿತ್ತಿದ ಗೋಧಿ ಜೋಳದ ಮೊಳಕೆಗೆ ಒಂಬತ್ತು ದಿನ ನೀರು ಚಿಮುಕಿಸಿ "ಎಷ್ಟು ಬಂತು, ಎಷ್ಟು ಬಂತು" ಅಂತ ನೋಡೋ ಮಕ್ಕಳಿಗೂ, ಹಂಗೇರಿಯಲ್ಲಿ ತಟ್ಟೆ ಮುಂದೆ ಬಗ್ಗಿ ನೋಡೋ ಮಕ್ಕಳಿಗೂ ನನಗಂತೂ ಫರಕು ಕಾಣಲಿಲ್ಲ.

ಎರಡನೇ ಉತ್ತರ ನನ್ನ ಸ್ವಂತ ಊರಿಂದ. ನಾವು ಪಾರಿಶ್ವಾಡದವರು. ಖಾನಾಪುರ ತಾಲೂಕು ಅಂದ ಕೂಡಲೇ ಎಲ್ಲರಿಗೂ ಕಾಡು, ಕಣಕುಂಬಿ, ಮಳೆ ನೆನಪಾಗುತ್ತೆ. ಅದು ಪಡುವಣ ಭಾಗ. ನಮ್ಮದು ಮೂಡಣ ಕಡೆ, ಇಟಗಿ ಬೀಡಿ ಸೀಮೆ, ಕನ್ನಡದ ಬಯಲು. ಇಲ್ಲಿ ಮಕ್ಕಳ ಕಾಲ ಶುರುವಾಗೋದು ಡಿಸೆಂಬರಿನಲ್ಲಲ್ಲ, ಮಳೆ ಹಿಡಿದ ಮೇಲೆ.

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರಿಮಣ್ಣು ತಂದು, ಹದ ಮಾಡಿ, ಜೋಡಿ ಎತ್ತು ಮಾಡಿ, ಮುಂದೆ ಗ್ವಾದಲಿ ಇಟ್ಟು ಪೂಜೆ. (ಮೇವಿನ ಗ್ವಾದಲಿ, ಕ್ರಿಸ್‌ಮಸ್ಸಿನ ಗೋದಲಿ, ಎರಡೂ ಒಂದೇ ಮಾತು. ಬಾಲಯೇಸುವನ್ನ ಮಲಗಿಸಿದ್ದೂ ದನದ ಗೋದಲಿಯಲ್ಲೇ ತಾನೆ!) ಮರುದಿನ ಹುಡುಗರು ಕಾಲು ಮುರಿದ ಒಂದು ಕುಂಟೆತ್ತು ಹಿಡಿದು ಮನೆ ಮನೆಗೆ ಹೋಗಿ ಜೋಳ ಕೇಳ್ತಾರೆ. ಬಂದದ್ದನ್ನ ಒಟ್ಟು ಮಾಡಿ ಎಲ್ಲಾರೂ ಕೂಡಿ ಉಣ್ಣೋದು. ಅಲ್ಲಿಂದ ಆಷಾಢ. ದೊಡ್ಡವರಿಗೆ ಆಷಾಢದಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ಆದರೆ ಮಕ್ಕಳಿಗೆ? ಪ್ರತಿ ಮಂಗಳವಾರ ಗುಳ್ಳವ್ವ!

ಗುಳ್ಳವ್ವ ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಆಷಾಢದಲ್ಲಿ ಮಂಗಳವಾರ ನಾಲ್ಕು ಬರ್ತವೆ, ಕೆಲವು ವರ್ಷ ಐದು. ಪ್ರತಿ ವಾರ ಹೊಸ ಮಣ್ಣು ತಂದು ಹೆಣ್ಣುಮಕ್ಕಳು ಗುಳ್ಳವ್ವನನ್ನ ಮಾಡಬೇಕು. ಕಣ್ಣಿಗೆ ಗುಲಗಂಜಿ, ಮೈ ತುಂಬ ಕುಸುಬಿ ಕಾಳು, ಜೋಳದ ಕಾಳು ಒತ್ತಿ ಸಿಂಗಾರ. ಸಂಜೆ ಆರತಿ ಹಿಡಿದು ಗುಂಪು ಕಟ್ಟಿ ಹಾಡ್ತಾ ಮನೆ ಮನೆಗೆ ಹೋಗೋದು. ಒಬ್ಬರು ಕಾಳು ಹಾಕ್ತಾರೆ, ಒಬ್ಬರು ನಾಣ್ಯ. ಕೊನೆಗೆ ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು, ಆಡಿ, ಗುಳ್ಳವ್ವನನ್ನ ನೀರಿಗೆ ಬಿಡೋದು. ಬಿಟ್ಟ ಮೇಲೆ ಅಳು ಬರಬಾರದು ಅಂತಲೋ ಏನೋ, ಬೆನ್ನಿಗೇ ನಾಗರಪಂಚಮಿ, ಜೋಕಾಲಿ, ಉಂಡಿ!

ಲೆಕ್ಕ ನೋಡಿದಿರಾ? ಅಲ್ಲಿ ನಾಲ್ಕು ರವಿವಾರ, ಇಲ್ಲಿ ನಾಲ್ಕು ಮಂಗಳವಾರ. ಅಲ್ಲಿ ವಾರಕ್ಕೊಂದು ಬತ್ತಿ, ಇಲ್ಲಿ ವಾರಕ್ಕೊಂದು ಗುಳ್ಳವ್ವ. ಅಲ್ಲಿ ಹುಡುಗರು ಪುಟ್ಟ ಗೋದಲಿ ಹೊತ್ತು ಮನೆ ಮನೆ ಮುಂದೆ ಹಾಡಿ ತಿಂಡಿ ಈಸ್ಕೋತಾರೆ, ಇಲ್ಲಿ ಗುಳ್ಳವ್ವನ ಆರತಿ. ಅಲ್ಲಿ ಕೊನೆಗೆ ಕ್ರಿಸ್‌ಮಸ್, ಇಲ್ಲಿ ಪಂಚಮಿ. ಅವರು ಚಳಿಗಾಲದ ಕತ್ತಲೆಯನ್ನ ಮಕ್ಕಳ ಕೈಯಿಂದ ದಾಟಿಸ್ತಾರೆ, ನಾವು ಆಷಾಢದ ಜಡಿಮಳೆಯನ್ನ. ಒಬ್ಬರು ಇನ್ನೊಬ್ಬರನ್ನ ನೋಡಿ ಕಲಿತದ್ದಲ್ಲ. ಹೊರಗೆ ಹೋಗೋಕೆ ಆಗದ, ಬೇಸರದ ದಿನಗಳಲ್ಲಿ ಮಕ್ಕಳನ್ನ ಹೇಗೆ ಹಿಡಿದಿಡೋದು ಅನ್ನೋ ಪ್ರಶ್ನೆ ಎಲ್ಲಾ ಊರಿನ ಅವ್ವಂದಿರಿಗೂ ಒಂದೇ ಅಲ್ಲವಾ?

ಇಷ್ಟು ಬರೆದು "ನೋಡಲೇ, ನಮ್ಮಲ್ಲೂ ಎಲ್ಲಾ ಐತಿ" ಅಂತ ಎದೆ ತಟ್ಟಿಕೊಂಡು ಮುಗಿಸಬಹುದು. ಬ್ಲಾಗುಗಳಲ್ಲಿ ಇಂಥ ಲೇಖನ ಬೇಕಾದಷ್ಟಿವೆ. ಆದರೆ ಅದರಿಂದ ಏನುಪಯೋಗ? ನಿಜ ಏನು ಅಂದ್ರೆ, ಆ ಊರಿನ ಚೌಕದಲ್ಲಿ ಮಕ್ಕಳು ಬತ್ತಿ ಹಚ್ತಿದ್ದಾರೆ, ನಮ್ಮಲ್ಲಿ ಗುಳ್ಳವ್ವನನ್ನ ಮಾಡೋ ಮನೆಗಳು ಕಡಿಮೆ ಆಗ್ತಿವೆ. ಮಣ್ಣೆತ್ತು ಈಗ ಪೇಟೆಯಲ್ಲಿ ಬಣ್ಣ ಹಚ್ಚಿಸಿಕೊಂಡು ಜೋಡಿ ಲೆಕ್ಕದಲ್ಲಿ ಸಿಗುತ್ತೆ. ತರೋದು, ಪೂಜೆ ಮಾಡೋದು, ಮುಗೀತು. ದೇವರು ಮನೆಗೆ ಬಂತು, ಸರಿ. ಆದರೆ ಹಬ್ಬದ ಮುಕ್ಕಾಲು ಪಾಲು ಇದ್ದದ್ದೇ ಮಣ್ಣು ಹುಡುಕೋದರಲ್ಲಿ, ನಾದೋದರಲ್ಲಿ, ಒಂದು ಎತ್ತಿನ ಕೋಡು ಮುರಿದು ಮತ್ತೆ ಅಂಟಿಸೋದರಲ್ಲಿ. ಅದನ್ನ ನಾವು ಮಕ್ಕಳ ಕೈಯಿಂದ ಕಿತ್ತುಕೊಂಡು ಅಂಗಡಿಗೆ ಕೊಟ್ವಿ. ಇದು ಎಂಥ ಊರಲ್ಲಿ ಆಗ್ತಿದೆ ಅನ್ನೋದನ್ನೂ ನೋಡಿ. ಖಾನಾಪುರದ ಮಣ್ಣಿಗೆ ದೊಡ್ಡ ಹೆಸರು. ಇಲ್ಲಿನ ಹಂಚು, ಇಲ್ಲಿನ ಮಡಕೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಖಾದಿ ಗ್ರಾಮೋದ್ಯೋಗ ಆಯೋಗ ಕುಂಬಾರಿಕೆ ಕಲಿಸೋ ಕೇಂದ್ರ ಸಂಸ್ಥೆಯನ್ನ ಖಾನಾಪುರದಲ್ಲೇ ಮಾಡಿದೆ. ಆ ತಾಲೂಕಿನ ಮಕ್ಕಳಿಗೆ ಉಗುರಿನೊಳಗೆ ಮಣ್ಣು ಸೇರಿದರೆ ಬೈಗುಳ!

"ಈಗ ಶಾಲೆ, ಹೋಮ್‌ವರ್ಕ್, ಟ್ಯೂಶನ್, ಟೈಮ್ ಎಲ್ಲಿದೆ ಸಾರ್" ಅಂತ ನೀವು ಕೇಳ್ತೀರಿ. ಹಂಗೇರಿಯ ಮಕ್ಕಳಿಗೂ ಶಾಲೆ ಇದೆ, ಮೊಬೈಲೂ ಇದೆ. ವ್ಯತ್ಯಾಸ ಇರೋದು ಒಂದರಲ್ಲಿ: ಅಲ್ಲಿ ಶಾಲೆ, ಚರ್ಚು, ಊರಿನ ಆಡಳಿತ ಮೂರೂ ಸೇರಿ ಆ ನಾಲ್ಕು ಸಂಜೆಗಳನ್ನ ಮಕ್ಕಳಿಗೆ ಅಂತ ಎತ್ತಿಟ್ಟಿವೆ. ನಮ್ಮಲ್ಲಿ ಗುಳ್ಳವ್ವ ಯಾರ ಜವಾಬ್ದಾರಿಯೂ ಅಲ್ಲ. ಅದು ಆಯಿ ನೆನಪಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಯಂದಿರು ಒಬ್ಬೊಬ್ಬರೇ ಹೋಗ್ತಿದ್ದಾರೆ, ಹಾಡೂ ಅವರ ಜೊತೆಗೇ.

ಇನ್ನೊಂದು ಮಾತನ್ನ ಹೇಳದೇ ಬಿಟ್ಟರೆ ಮೋಸ ಆಗುತ್ತೆ. ಗುಳ್ಳವ್ವನ ಆರತಿ "ಮನೆ ಮನೆಗೆ" ಹೋಗುತ್ತೆ ಅಂತ ಮೇಲೆ ಬರೆದೆ. ಯಾವ ಮನೆ ಮನೆಗೆ? ಹಳ್ಳಿಯಲ್ಲಿ ಬೆಳೆದವರೆಲ್ಲ ಎದೆ ಮುಟ್ಟಿಕೊಂಡು ಹೇಳಲಿ, ಆರತಿ ಎಲ್ಲಾ ಓಣಿಗೂ ಹೋಗ್ತಿತ್ತಾ? ಊರ ಅಂಚಿನ ಕೇರಿಯ ಹುಡುಗಿಯರು ಮಾಡಿದ ಗುಳ್ಳವ್ವ ಗೌಡರ ಓಣಿಯ ಕಟ್ಟೆ ತನಕ ಬರ್ತಿತ್ತಾ? ಕುಂಟೆತ್ತಿನ ಜೋಳ ಕೂಡಿಸಿ ಉಣ್ಣುವಾಗ ಪಂಕ್ತಿಯಲ್ಲಿ ಯಾರಿದ್ದರು, ಯಾರಿರಲಿಲ್ಲ? ಮಕ್ಕಳು ಎಲ್ಲಿ ತಿರುಗಿ ವಾಪಸ್ ಬರಬೇಕು ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳದೇ ಕಲಿಯೋದು ಇಂಥ ಸಂಜೆಗಳಲ್ಲೇ. ಹಾಗಾಗಿ ಹಳೇ ಹಬ್ಬವನ್ನ ಹಂಗಂಗೇ ಉಳಿಸೋಣ ಅಂತ ನಾನು ಹೇಳ್ತಿಲ್ಲ. ಉಳಿಸೋದಾದರೆ ಆ ಗೆರೆಯನ್ನ ಅಳಿಸಿಯೇ ಉಳಿಸಬೇಕು.

ಇಲ್ಲೇ ನನಗೆ ಆ ಕಿಟಕಿ ತೆರೆಯೋ ಪದ್ಧತಿ ಕೆಲಸಕ್ಕೆ ಬರುತ್ತೆ ಅನ್ನಿಸಿದ್ದು. ಇವತ್ತು ಇವರ ಮನೆ, ನಾಳೆ ಅವರ ಮನೆ, ಊರೆಲ್ಲಾ ಅಲ್ಲಿಗೇ ಹೋಗಬೇಕು. ಗುಳ್ಳವ್ವನಿಗೂ ಹೀಗೇ ಮಾಡಿದರೆ? ನಾಲ್ಕು ಮಂಗಳವಾರ, ನಾಲ್ಕು ಓಣಿ. ಮೊದಲ ವಾರ ಒಂದು ಓಣಿಯ ಕಟ್ಟೆಯಲ್ಲಿ ಊರಿನ ಮಕ್ಕಳೆಲ್ಲ ಸೇರಿ ಗುಳ್ಳವ್ವ ಮಾಡೋದು. ಎರಡನೇ ವಾರ ಕೇರಿಯಲ್ಲಿ. ಮೂರನೇ ವಾರ ಸಾಬರ ಓಣಿಯಲ್ಲಿ. ಮಣ್ಣಾಡೋಕೆ, ಚುರುಮುರಿ ತಿನ್ನೋಕೆ ಯಾವ ಧರ್ಮ ಬೇಡ ಅನ್ನುತ್ತೆ? ಪೂಜೆ ಬೇಕಾದವರು ಮಾಡಲಿ, ಬೇಡದವರು ಎತ್ತು ಮಾಡಲಿ, ಕುದುರೆ ಮಾಡಲಿ. ನಾಲ್ಕನೇ ವಾರ ಶಾಲೆಯ ಅಂಗಳದಲ್ಲಿ, ಹಾಡು ಬರೋ ಆಯಂದಿರನ್ನ ಕರೆಸಿ ಕುರ್ಚಿ ಹಾಕಿ ಕೂಡಿಸಿ. ಅವರು ಹಾಡಿದ್ದನ್ನ ಯಾರಾದರೂ ಬರೆದುಕೊಳ್ಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೊಬೈಲು ಅಷ್ಟಕ್ಕಾದರೂ ಆಗಲಿ.

ಇದಕ್ಕೆ ಪಟ್ಟಿ ಎತ್ತಬೇಕಿಲ್ಲ, ಪೆಂಡಾಲು ಬೇಕಿಲ್ಲ. ಒಂದು ಬುಟ್ಟಿ ಎರಿಮಣ್ಣು, ಒಂದು ಹಿಡಿ ಕುಸುಬಿ, ಒಂದು ಕೊಳಗ ಚುರುಮುರಿ. ಎಲ್ಲಕ್ಕಿಂತ ಕಷ್ಟದ್ದು ದೊಡ್ಡವರು ಸುಮ್ಮನಿರೋದು. ಯಾರದ್ದು ಚೆಂದ ಆಗಿದೆ ಅಂತ ಬಹುಮಾನ ಕೊಡೋಕೆ ಹೋಗಬೇಡಿ ದಯವಿಟ್ಟು. ಬಹುಮಾನ ಇಟ್ಟ ಕೂಡಲೇ ಮಕ್ಕಳ ಗುಳ್ಳವ್ವನನ್ನ ಅಪ್ಪ ಅಮ್ಮ ಮಾಡೋಕೆ ಶುರು ಮಾಡ್ತಾರೆ!

ಆಗುತ್ತಾ ಅಂತ ಕೇಳಿದರೆ, ಮೊದಲ ವರ್ಷ ಹತ್ತು ಮಕ್ಕಳು ಬಂದರೂ ಆಯ್ತು. ಯಾರಾದರೂ ಒಬ್ಬರ ಮನೆಯವರು "ಆ ಓಣಿಗೆ ಹೋಗಬ್ಯಾಡ" ಅಂತ ಮಗಳನ್ನ ತಡೆದೇ ತಡೀತಾರೆ, ಅದೂ ಗೊತ್ತಿದೆ. ಆದರೆ ಮುಂದಿನ ಮಂಗಳವಾರ ಇದ್ದೇ ಇರುತ್ತಲ್ಲ. ವಾರ ವಾರ ಬರೋ ಹಬ್ಬದ ಲಾಭವೇ ಅದು. ಒಂದು ವಾರ ತಪ್ಪಿಸಿಕೊಂಡ ಮಗು ಮುಂದಿನ ವಾರ ಹಟ ಹಿಡಿದಾದರೂ ಬರುತ್ತೆ.

ಸರಿ, ನನ್ನದು ಬಹಳ ಆಯ್ತು. ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಗೆಳೆಯರೇ, ನಿಮ್ಮೂರಲ್ಲಿ ಗುಳ್ಳವ್ವನನ್ನ ಈಗಲೂ ಮಾಡ್ತಾರಾ? ಕೊನೇ ಮಂಗಳವಾರ ಎಲ್ಲಿಗೆ ಹೋಗ್ತೀರಿ? ಬುತ್ತಿಯಲ್ಲಿ ಏನು? ಕರಾವಳಿಯವರು, ಮಲೆನಾಡಿನವರು, ನಿಮ್ಮ ಕಡೆ ಮಕ್ಕಳು ದಿನ ಎಣಿಸೋ ಹಬ್ಬ ಯಾವುದು? ಗುಳ್ಳವ್ವನ ಹಾಡು ಬರೋ ಆಯಿ ನಿಮ್ಮ ಮನೆಯಲ್ಲಿದ್ದರೆ ಈ ಲೇಖನಕ್ಕೆ ಪ್ರತಿಕ್ರಿಯೆ ಬರೆಯೋದನ್ನ ಆಮೇಲೆ ಮಾಡಿ. ಮೊದಲು ಹೋಗಿ ಅವರ ಹತ್ತಿರ ಕೂತ್ಕೊಳ್ಳಿ.